ಸ್ಲೇಟು ಕಲ್ಲಿನಲ್ಲಿ ದ್ರಾಕ್ಷಿ ಬೆಳೆವ ನಾಡು

ಹಿಂದಿನ ತಲೆಮಾರಿನ ಮಕ್ಕಳು ಬಳಪ ಹಿಡಿದು ಅಕ್ಷರ ತಿದ್ದುತ್ತಿದ್ದ ಸ್ಲೇಟು ಎಲ್ಲರಿಗೂ ಗೊತ್ತು. ಆ ಜಾತಿಯ ಕಲ್ಲೇ ಒಂದಿಡೀ ಸೀಮೆಯ ನೆಲವಾಗಿದ್ದರೆ ಅಲ್ಲಿ ಬೆಳೆ ತೆಗೆಯಲು ಸಾಧ್ಯವೇ? ಸ್ಪೇನ್ ದೇಶದ ಈಶಾನ್ಯ ಭಾಗದ ಕ್ಯಾಟಲೋನಿಯಾದಲ್ಲಿ ಅಂಥದೊಂದು ಸೀಮೆಯಿದೆ. ಅದರ ಹೆಸರು ಪ್ರಿಯೊರಾತ್. ಅಲ್ಲಿನ ದಟ್ಟ ಕೆಂಪು ವೈನ್ ಜಗತ್ಪ್ರಸಿದ್ಧ.

ತಾರಗೋನಾ ಪಟ್ಟಣದಿಂದ ಒಳನಾಡಿಗೆ ಹೊರಟರೆ ಫಾಲ್ಸೆಟ್ ಸಿಗುತ್ತದೆ. ಅಲ್ಲಿಂದ ಗ್ರಾತಾಲೋಪ್ಸ್ ಎಂಬ ಪುಟ್ಟ ಊರಿಗೆ ಹೋಗುವ ದಾರಿಯುದ್ದಕ್ಕೂ ತಿರುವುಗಳೇ. ಎರಡೂ ಕಡೆ ಗುಡ್ಡದ ಇಳಿಜಾರು; ಅದರ ಮೇಲೆ ಗಿಡ್ಡ ಪೊದೆಗಳಂತೆ ನಿಂತ ದ್ರಾಕ್ಷಿ ಬಳ್ಳಿಗಳು. ಹಂದರವಿಲ್ಲದ ಹಳೆಯ ತೋಟಗಳಿವು. ಕೆಲವೆಡೆ ಟ್ರಾಕ್ಟರ್ ಹತ್ತುವುದಿಲ್ಲ. ಉಳುಮೆಗೆ ಹೇಸರಗತ್ತೆಯೇ ಗತಿ.

ಕಾಲಡಿಯಲ್ಲಿ ಪದರು ಪದರಾಗಿ ಸೀಳುವ ಕಪ್ಪು ಕಲ್ಲು. ಸ್ಥಳೀಯರು ಇದನ್ನು ಲಿಕೊರೆಲ್ಯ ಎನ್ನುತ್ತಾರೆ. ಮೇಲೆ ನೀರು ನಿಲ್ಲುವುದಿಲ್ಲ. ಹಾಗಾಗಿ ಬೇರು ಕಲ್ಲಿನ ಬಿರುಕು ಹುಡುಕುತ್ತ ಆಳಕ್ಕಿಳಿಯಬೇಕು. ಇಷ್ಟು ಕಷ್ಟಪಟ್ಟ ಬಳ್ಳಿ ಕೊಡುವುದು ಕೆಲವೇ ಗೊಂಚಲು, ಅದೂ ಸಣ್ಣ ಕಾಯಿ. ಆದರೆ ಅದರಲ್ಲಿ ಸಕ್ಕರೆಯೂ ಸಿಪ್ಪೆಯ ಬಣ್ಣವೂ ಹೆಚ್ಚು. ಸಿಪ್ಪೆಯ ಸಮೇತ ಹುಳಿಯಿಟ್ಟಾಗ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಬಣ್ಣ, ಒಗರು ರಸಕ್ಕಿಳಿಯುತ್ತವೆ. ಈ ವೈನಿನ ಗಾಢತೆಯ ಗುಟ್ಟು ಇದೇ. ಗಾರ್ನಾಚಾ ಮತ್ತು ಕಾರಿನ್ಯೇನಾ ಇಲ್ಲಿನ ಮುಖ್ಯ ತಳಿಗಳು.

ದೇವರ ಏಣಿ

ಇಲ್ಲಿ ದ್ರಾಕ್ಷಿ ಕೃಷಿಯನ್ನು ಬೆಳೆಸಿದವರು ಕಾರ್ಥೂಸಿಯನ್ ಪಂಥದ ಸಂನ್ಯಾಸಿಗಳು. 12ನೆಯ ಶತಮಾನದಲ್ಲಿ ಮೋನ್ಸಾಂತ್ ಬೆಟ್ಟದ ಬುಡದಲ್ಲಿ ಅವರ ಮಠ ತಲೆಯೆತ್ತಿತು. ದೇವದೂತರು ಪೈನ್ ಮರದ ಬಳಿ ಏಣಿ ಹತ್ತಿ ಸ್ವರ್ಗಕ್ಕೆ ಹೋಗುವುದನ್ನು ಕುರುಬನೊಬ್ಬ ಕಂಡನೆಂಬುದು ಸ್ಥಳಪುರಾಣ. ಆದ್ದರಿಂದಲೇ ಮಠಕ್ಕೆ ಸ್ಕಾಲಾ ದೇಯಿ, ಅಂದರೆ 'ದೇವರ ಏಣಿ' ಎಂಬ ಹೆಸರು. ಮಠದ ಮುಖ್ಯಸ್ಥ 'ಪ್ರಿಯರ್'. ಅವನ ಆಡಳಿತದ ಸೀಮೆ ಪ್ರಿಯೊರಾತ್.

1835ರಲ್ಲಿ ಸ್ಪೇನ್ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡಿತು. ಸಂನ್ಯಾಸಿಗಳು ಹೊರಟುಹೋದರು, ಮಠ ಹಾಳುಬಿತ್ತು. ಆ ಶತಮಾನದ ಕೊನೆಗೆ ಅಮೆರಿಕದಿಂದ ಯುರೋಪಿಗೆ ಬಂದ ಫಿಲಾಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರನ್ನೇ ತಿಂದುಹಾಕಿತು. ಕೀಟವನ್ನು ತಾಳಬಲ್ಲ ಅಮೆರಿಕದ ಬೇರಿಗೆ ಕಸಿ ಕಟ್ಟುವ ಉಪಾಯ ಇತ್ತೇನೋ ನಿಜ. ಆದರೆ ಜನ ಗುಳೆ ಹೊರಟರು. ತೋಟಗಳು ಬೀಳುಬಿದ್ದವು, ಊರುಗಳಲ್ಲಿ ಹೆಚ್ಚಾಗಿ ಮುದುಕರೇ ಉಳಿದರು.

ಮೇಷ್ಟ್ರು ಬಂದರು

ಬದಲಾವಣೆ ಬಂದದ್ದು 1980ರ ದಶಕದಲ್ಲಿ. ಗ್ರಾತಾಲೋಪ್ಸ್‌ನಲ್ಲಿ ಜಮೀನು ಕೊಂಡಿದ್ದ ರೆನೆ ಬಾರ್ಬಿಯೆ ಗೆಳೆಯರನ್ನು ಕರೆದರು. ಅವರಲ್ಲೊಬ್ಬರು ಜೋಸೆಪ್ ಲ್ಯೂಯಿಸ್ ಪೆರೆಸ್, ಜೀವವಿಜ್ಞಾನದ ಮೇಷ್ಟ್ರು. ಫಾಲ್ಸೆಟ್‌ನ ವೃತ್ತಿಶಿಕ್ಷಣ ಶಾಲೆಯಲ್ಲಿ ಮಕ್ಕಳಿಗೆ ವೈನ್ ತಯಾರಿಕೆಯ ಶಾಸ್ತ್ರ ಕಲಿಸಲು ಅಡಿಪಾಯ ಹಾಕಿದವರು ಅವರೇ. ಆಲ್ವಾರೊ ಪಲಾಸಿಯೊಸ್, ಡಾಫ್ನೆ ಗ್ಲೋರಿಯಾನ್, ಕಾರ್ಲೆಸ್ ಪಾಸ್ತ್ರಾನಾ ಸಹ ಜೊತೆಗೂಡಿದರು. 1989ರಲ್ಲಿ ಒಂದೇ ಕಡೆ ವೈನ್ ತಯಾರಿಸಿ ಐದು ಹೆಸರಿನಲ್ಲಿ ಹೊರತಂದರು. ಹೊರಗಿನವರು ಬೆರಗಾದರು.

ಮುಂದಿನದು ಚರಿತ್ರೆ. ಸ್ಪೇನಿನ ವೈನ್ ಸೀಮೆಗಳಿಗೆ ಸಿಗುವ ಅತ್ಯುನ್ನತ ದರ್ಜೆ ಮೊದಲು 1991ರಲ್ಲಿ ರಿಯೋಹಾಕ್ಕೆ ದೊರೆತಿತ್ತು. ಪ್ರಿಯೊರಾತ್‌ಗೆ ಕ್ಯಾಟಲೋನಿಯಾ ಸರ್ಕಾರ 2000ದಲ್ಲಿ, ಕೇಂದ್ರ ಸರ್ಕಾರ 2009ರಲ್ಲಿ ಅದನ್ನು ಮಾನ್ಯಮಾಡಿದವು. ಪೆರೆಸ್ ಮೇಷ್ಟ್ರ ಮಗಳು ಸಾರಾ ಇಂದು ಹೆಸರಾಂತ ವೈನ್ ತಯಾರಕಿ.

ಕಷ್ಟ ಮುಗಿಯಿತೆಂದಲ್ಲ. 2023ರ ಬರದಲ್ಲಿ ಇಳುವರಿ ತೀರ ಕುಸಿಯಿತು. ಊರುಗಳು ಇಂದಿಗೂ ಚಿಕ್ಕವೇ. ಆದರೂ ಓದಿದವರು ಹಳ್ಳಿ ಬಿಡಲೇಬೇಕೆಂದು ನಂಬಿದ ತಂದೆತಾಯಿಯರೂ ಮಕ್ಕಳೂ ಪ್ರಿಯೊರಾತ್‌ನ ಕಡೆಗೊಮ್ಮೆ ನೋಡಬೇಕು. ಅಲ್ಲಿನ ಕಲ್ಲು ಬದಲಾಗಲಿಲ್ಲ. ಆ ಕಲ್ಲಿನ ಗುಣವನ್ನು ಓದಿ ತಿಳಿದವರು ಅಲ್ಲೇ ನೆಲೆನಿಂತರು, ಅಷ್ಟೆ.