ಆರು ಪರ್ಸೆಂಟಿನ ಆಸೆ

2025ರ ಸೆಪ್ಟೆಂಬರ್ 10, ಬುಧವಾರ. ಮಧ್ಯಾಹ್ನದ ಊಟದ ಆರ್ಡರುಗಳು ಮುಗಿದಿವೆ, ರಾತ್ರಿಯವು ಶುರುವಾಗಲು ಇನ್ನೂ ಹೊತ್ತಿದೆ. ಬೆಂಗಳೂರಿನ ಲಗ್ಗೆರೆಯ ಸೈಬರ್ ಸೆಂಟರ್ ಮುಂದೆ ಗಾಡಿಗೆ ಸ್ಟ್ಯಾಂಡ್ ಹಾಕಿ, ಡೆಲಿವರಿ ಬ್ಯಾಗನ್ನು ಬೆನ್ನಿಂದ ಇಳಿಸದೆಯೇ ನೀವು ಒಳಗೆ ಹೋಗುತ್ತೀರಿ. ಜೆರಾಕ್ಸ್ ಮೆಷಿನ್ನಿನ ಬಿಸಿ ಮುಖಕ್ಕೆ ಬಡಿಯುತ್ತದೆ. ರಿಟರ್ನ್ ಹಾಕಲು ಇನ್ನು ಐದೇ ದಿನ.

"ಪ್ಯಾನು, ಆಧಾರು, ಪಾಸ್‌ಬುಕ್ಕು ತಂದಿದ್ದೀಯಾ ತಮ್ಮಾ?" ಕನ್ನಡಕವನ್ನು ಹಣೆಗೇರಿಸಿ ಅಂಗಡಿಯಣ್ಣ ಕೇಳುತ್ತಾರೆ. ಫೋನಿಗೆ ಬಂದ ಒಟಿಪಿ ಓದಿ ಹೇಳುತ್ತೀರಿ. ಪರದೆಯ ಮೇಲೆ ಫಾರ್ಮ್ 26ಎಎಸ್ ತೆರೆದುಕೊಳ್ಳುತ್ತದೆ. ಕಂಪನಿಯ ಹೆಸರು, ಪಕ್ಕದಲ್ಲಿ 194ಸಿ, ಕೆಳಗೆ ಸಾಲು ಸಾಲು ತಾರೀಖು. ಒಟ್ಟು ಪಾವತಿ 3,12,000 ರೂಪಾಯಿ. ಕಡಿತ 3,120.

ಪಾಸ್‌ಬುಕ್ಕಿನ ಜಮೆಗಳನ್ನು ಕೂಡಿ ನೀವು ಚೀಟಿಯಲ್ಲಿ ಬರೆದು ತಂದದ್ದು 3,08,880. ಉಳಿದದ್ದು ಎಲ್ಲಿ ಹೋಯಿತೆಂದು ಈಗ ತಿಳಿಯುತ್ತದೆ. ವಾರವಾರವೂ ನೂರಕ್ಕೊಂದು ರೂಪಾಯಿ ಟಿಡಿಎಸ್ ಎಂದು ಹಿಡಿದಿದ್ದಾರೆ.

"ರಿಟರ್ನಲ್ಲಿ ತೋರಿಸ್ಬೇಕಾದ್ದು ದೊಡ್ಡ ಮೊತ್ತ. ನಿನ್ ಕೈಗೆ ಬಂದಷ್ಟಲ್ಲ."

194ಸಿ ಎಂದರೆ ಗುತ್ತಿಗೆ ಪಾವತಿಯ ಸೆಕ್ಷನ್. ಮೈಮೇಲಿನ ಟೀ ಶರ್ಟ್ ಕಂಪನಿಯದೇ ಇರಬಹುದು, ಕಾಗದದ ಮೇಲೆ ನೀವು ಗುತ್ತಿಗೆದಾರ. ಸಂಬಳದವರ ಐಟಿಆರ್-1 ನಿಮ್ಮದಲ್ಲ, ಅವರಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ನೂ ನಿಮಗಿಲ್ಲ. ಅಣ್ಣ ಐಟಿಆರ್-4 'ಸುಗಮ್' ಆರಿಸುತ್ತಾರೆ.

ನೀವು ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ ಮೇಲಿಡುತ್ತೀರಿ. ಪೆಟ್ರೋಲ್ ಬಿಲ್ಲು, ಹಿಂದಿನ ಟೈರಿನ ಬಿಲ್ಲು, ಇನ್ಶೂರೆನ್ಸು. "ಇವನ್ನೆಲ್ಲ ಎಲ್ಲಿ ಹಾಕ್ತೀರಣ್ಣ?"

"ಎಲ್ಲೂ ಇಲ್ಲ. 44ಎಡಿ ಸೆಕ್ಷನ್ನಲ್ಲಿ ಖರ್ಚೆಲ್ಲ ಕಳೆದಾಯ್ತು ಅಂತ್ಲೇ ಲೆಕ್ಕ. ಒಂದೊಂದೇ ಕಳೀಬೇಕಂದ್ರೆ ಐಟಿಆರ್-3 ಹಾಕ್ಬೇಕು, ಲೆಕ್ಕದ ಪುಸ್ತಕ ಇಡ್ಬೇಕು. ದುಡ್ಡು ಬ್ಯಾಂಕಿಗೇ ಬಂದಿರೋದ್ರಿಂದ ಒಟ್ಟು ಮೊತ್ತದ ಆರು ಪರ್ಸೆಂಟು ಲಾಭ. ಎಲ್ಲರದ್ದೂ ಅಷ್ಟೇ ಹಾಕಿದೀನಿ."

ಅವರ ಬೆರಳು 18,720 ಎಂದು ಒತ್ತುತ್ತದೆ. ಇಡೀ ವರ್ಷದ ಬಿಸಿಲು ಮಳೆಗೆ ಹದಿನೆಂಟು ಸಾವಿರ ಚಿಲ್ಲರೆ ಲಾಭ.

"ತಾಳಣ್ಣ."

ಅದೇ 44ಎಡಿಯಲ್ಲಿ ಇನ್ನೂ ಒಂದು ಮಾತಿದೆ: ಆರು ಪರ್ಸೆಂಟ್ ಅಥವಾ ಗಳಿಸಿದ್ದೆಂದು ಹೇಳಿಕೊಂಡ ಮೊತ್ತ, ಎರಡರಲ್ಲಿ ಹೆಚ್ಚಿನದು. ಚೀಟಿಯನ್ನು ಮಗುಚಿ ಲೆಕ್ಕ ಹಾಕುತ್ತೀರಿ. ದಿನಕ್ಕೆ 200ರ ಪೆಟ್ರೋಲು, ಮುನ್ನೂರು ದಿನ, 60,000. ಸರ್ವಿಸು, ಟೈರು, ಇನ್ಶೂರೆನ್ಸು, ರೀಚಾರ್ಜು ಎಲ್ಲ ಸೇರಿ 24,000. ಉಳಿದದ್ದು 2,28,000.

"ಇದನ್ನ ಹಾಕಿದ್ರೆ ಟ್ಯಾಕ್ಸ್ ಬರುತ್ತಾ?"

ಅಣ್ಣ ನಗುತ್ತಾರೆ. "ಹೊಸ ಪದ್ಧತೀಲಿ ಈ ಸಲ ಮೂರು ಲಕ್ಷದ ತನಕ ಟ್ಯಾಕ್ಸೇ ಇಲ್ಲ. ಹೇಗೆ ಹಾಕಿದ್ರೂ ಸೊನ್ನೆ. 3,120 ಪೂರ್ತಿ ವಾಪಸ್."

ಹೋದ ವಾರ ಬ್ಯಾಂಕಿನ ಗಾಜಿನಾಚೆ ಕೂತಿದ್ದವರ ಮುಖ ನಿಮಗೆ ನೆನಪಾಗುತ್ತದೆ. ಗೂಡ್ಸ್ ಆಟೊಗೆ ಸಾಲ ಕೇಳಲು ಹೋಗಿದ್ದಿರಿ. ಅವರು ಮೊದಲು ಕೇಳಿದ್ದೇ ಐಟಿಆರ್. 18,720ರ ಕಾಗದ ಹಿಡಿದು ಹೋದರೆ ಕಂತು ಕಟ್ಟುತ್ತೀರೆಂದು ಯಾರು ನಂಬುತ್ತಾರೆ?

"ಎರಡು ಲಕ್ಷ ಇಪ್ಪತ್ತೆಂಟು ಸಾವಿರ ಹಾಕಿ."

ಅಣ್ಣ ಅಳಿಸಿ ಬರೆಯುತ್ತಾರೆ. ರೀಫಂಡ್ ಬರಬೇಕಾದ ಖಾತೆಗೆ ಟಿಕ್ ಬೀಳುತ್ತದೆ. ಇ-ವೆರಿಫೈ ಮಾಡಲು ಮೂವತ್ತು ದಿನ ಕಾಲಾವಕಾಶವಿದ್ದರೂ ಆಧಾರ್ ಒಟಿಪಿ ಹಾಕಿ ಇಲ್ಲೇ ಮುಗಿಸುತ್ತೀರಿ.

ಏಳುವ ಮುನ್ನ ಕೇಳುತ್ತೀರಿ: "ಈ ರಿಟರ್ನಿಗೂ ಹಿಂದಿನ ವರ್ಷ ಹಿಡಿದಿರೋದು?"

"ಆಗ ಹಾಕಿದ್ಯಾ? ಇಲ್ವಲ್ಲ. ಗಡುವು ಯಾವತ್ತೋ ಮುಗೀತು. ಈಗ ಅಪ್‌ಡೇಟೆಡ್ ರಿಟರ್ನ್ ಹಾಕಿದ್ರೂ ಅದ್ರಲ್ಲಿ ರೀಫಂಡ್ ಕೇಳೋ ಹಾಗಿಲ್ಲ."

ಫೋನ್ ಬಡಿದುಕೊಳ್ಳುತ್ತದೆ, ಆರ್ಡರ್ ಬಂದಿದೆ. ಬಿಲ್ಲುಗಳ ಕವರನ್ನು ಮತ್ತೆ ಬ್ಯಾಗಿಗೆ ತುರುಕಿ ಹೊರಡುತ್ತೀರಿ. ರಿಟರ್ನಿನಲ್ಲಿ ಅವಕ್ಕೆ ಜಾಗವಿಲ್ಲ. ಆದರೆ ಅವಿಲ್ಲದಿದ್ದರೆ 2,28,000 ಎಂಬ ಅಂಕಿ ನಿಮಗೆ ಸಿಗುತ್ತಿರಲಿಲ್ಲ.