ಹಳೆಯ ಟರ್ನ್‌ಟೇಬಲ್ಲಿನ ಒಡೆತನ

ಕೊಂಡ ವಸ್ತುವಿಗೆ ಒಡೆಯನಾಗುವ ಕೆಲಸ ಹಣ ಎಣಿಸಿಕೊಟ್ಟ ಕ್ಷಣಕ್ಕೆ ಮುಗಿಯುವುದಿಲ್ಲ. ನಾಲ್ಕೈದು ದಶಕ ಸಂದ ಟರ್ನ್‌ಟೇಬಲ್ ಒಂದನ್ನು ಮನೆಗೆ ತಂದ ಸಂಗೀತಪ್ರಿಯನಿಗೆ ಈ ಸತ್ಯ ಮೊದಲ ವಾರದಲ್ಲೇ ಅರಿವಾಗುತ್ತದೆ. ಮನೆಯವರ ಕಣ್ಣಿಗೆ ಅದು ಹಳೆಯ ಸಾಮಾನು. ಅವನ ಕಣ್ಣಿಗೆ ನಿಧಿ. ಇಬ್ಬರ ಎಣಿಕೆಯಲ್ಲೂ ಸ್ವಲ್ಪ ನಿಜವುಂಟು.

ಸಾಮಾನ್ಯ ಟರ್ನ್‌ಟೇಬಲ್ಲಿನಲ್ಲಿ ಮೋಟಾರು ಬಲು ವೇಗದಿಂದ ತಿರುಗುತ್ತದೆ. ರಬ್ಬರಿನ ಬೆಲ್ಟೋ ಗಾಲಿಯೋ ಆ ವೇಗವನ್ನು ತಗ್ಗಿಸಿ ರೆಕಾರ್ಡನ್ನು ಹೊತ್ತ ತಟ್ಟೆಗೆ ಒಪ್ಪಿಸುತ್ತದೆ. ರಬ್ಬರು ಸಡಿಲಿಸಿದರೆ ವೇಗವೂ ತಡವರಿಸುತ್ತದೆ. ಜಪಾನಿನ ಮತ್ಸುಷಿತ ಸಂಸ್ಥೆಯ ಎಂಜಿನಿಯರ್ ಷುಯಿಚಿ ಒಬಾತ ಈ ಮಧ್ಯಸ್ಥನನ್ನೇ ದೂರಮಾಡಿದರು. ೧೯೭೦ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಪಿ-೧೦ ಯಂತ್ರದಲ್ಲಿ ಮೋಟಾರೇ ನಿಮಿಷಕ್ಕೆ ೩೩⅓ ಸುತ್ತಿನ ಮಂದಗತಿಯಲ್ಲಿ ತಿರುಗಿತು. ೧೯೭೨ರಲ್ಲಿ ಎಸ್‌ಎಲ್-೧೨೦೦, ೧೯೭೯ರಲ್ಲಿ ಅದರ ಎರಡನೆಯ ರೂಪವಾದ ಎಂಕೆ-೨ ಬಂದವು. ಎಂಕೆ-೨ರ ವೇಗಕ್ಕೆ ಸ್ಫಟಿಕದ ಕಂಪನವೇ ಕಾವಲು.

ಇಷ್ಟು ನಿಷ್ಠುರತೆ ಏತಕ್ಕೆಂದು ಕೇಳುವವರಿಗೆ ತಂಬೂರಿಯೇ ಉತ್ತರ ಹೇಳೀತು. ವೇಗ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಿದರೆ ಹಾಡು ಒಂದು ಸ್ವರಸ್ಥಾನ ಮೇಲಕ್ಕೇರುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಏರಿಳಿತವಾದರೂ, ಗಾಯಕ ಷಡ್ಜದಲ್ಲಿ ನಿಂತಿರುವಾಗ ಶ್ರುತಿ ಅಲುಗಿದಂತೆ ಕೇಳುತ್ತದೆ. ಎಂಕೆ-೨ರ ತಟ್ಟೆಯ ಅಂಚಿನಲ್ಲಿ ಚುಕ್ಕೆಗಳ ಸಾಲುಗಳಿವೆ. ಪುಟ್ಟ ದೀಪದ ಬೆಳಕಿನಲ್ಲಿ ದೊಡ್ಡ ಚುಕ್ಕೆಗಳು ನಿಶ್ಚಲವಾಗಿ ಕಂಡರೆ ವೇಗ ಸರಿಯಾಗಿದೆಯೆಂದು ಅರ್ಥ.

ಇಂಥ ಯಂತ್ರವನ್ನು ಜಪಾನಿನಿಂದ ಬೆಂಗಳೂರಿಗೋ ಮೈಸೂರಿಗೋ ತರಿಸಿದವನಿಗೆ ಮೊದಲ ಪರೀಕ್ಷೆ ಗೋಡೆಯ ಪ್ಲಗ್ಗಿನಲ್ಲೇ ಕಾದಿರುತ್ತದೆ. ಆ ನಾಡಿನ ಮನೆಗಳ ವಿದ್ಯುತ್ತು ೧೦೦ ವೋಲ್ಟು, ನಮ್ಮದು ೨೩೦. ನಡುವೆ ತಕ್ಕ ಟ್ರಾನ್ಸ್‌ಫಾರ್ಮರ್ ಇಡದೆ ಗುಂಡಿ ಒತ್ತಿದರೆ ಅಷ್ಟು ವರ್ಷ ಬಾಳಿದ ಯಂತ್ರ ಒಂದು ಚಣದಲ್ಲಿ ಸುಟ್ಟೀತು.

ಮುಂದಿನ ಆರೈಕೆ ತಾಳ್ಮೆಯದು. ತಟ್ಟೆಯ ನಡುವಿನ ಅಚ್ಚಿಗೆ ತಯಾರಕರು ಸೂಚಿಸಿದ ಎಣ್ಣೆ ಎರಡು ಮೂರು ಹನಿ ಸಾಕು. ಎಸ್‌ಎಲ್-೧೨೦೦ ಎಂಕೆ-೨ರಲ್ಲಿ ತಟ್ಟೆಯ ಅಡಿಗೆ ಮೋಟಾರಿನ ಅಯಸ್ಕಾಂತವಿದೆ. ತಟ್ಟೆಯನ್ನು ಎತ್ತಿದಾಗ ಮೇಜಿನ ಮೇಲಿನ ಸಣ್ಣ ತಿರುಪೊಂದು ಸದ್ದಿಲ್ಲದೆ ಅಲ್ಲಿ ಅಂಟಿಕೊಂಡರೆ, ಮರಳಿ ಕೂಡಿಸಿದಾಗ ಒಳಗಿನ ಸುರುಳಿಗಳಿಗೆ ಗಾಯವಾದೀತು. ಒಣಗಿದ ಕೆಪ್ಯಾಸಿಟರುಗಳನ್ನು ಬದಲಿಸುವುದು ಬಲ್ಲವರ ಕೆಲಸ. ಕೈಯಿಡುವ ಮೊದಲು ಪ್ಲಗ್ಗನ್ನು ಕಿತ್ತಿರಬೇಕು.

ಆರೈಕೆಯ ಬೆನ್ನಿಗೆ ಬರುವುದು ತಿದ್ದುವ ಆಸೆ. ಒಬ್ಬ ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಗೆ ಸಾಗಿಸುತ್ತಾನೆ. ಇನ್ನೊಬ್ಬ ಬೆಸೆದ ತಂತಿಗಳನ್ನು ಬಿಡಿಸಿ ಕಳಚಬಹುದಾದ ತಂತಿಗಳಿಗೆ ಎಡೆಮಾಡುತ್ತಾನೆ. ಮತ್ತೊಬ್ಬ ಮುಳ್ಳನ್ನು ಹೊತ್ತ ತೋಳನ್ನೇ ಬದಲಿಸುತ್ತಾನೆ. ಇವುಗಳಿಂದ ನಾದ ಸುಧಾರಿಸಲೂಬಹುದು, ಸುಧಾರಿಸಿತೆಂಬ ಭ್ರಮೆಯೂ ಉಂಟಾಗಬಹುದು. ಆದುದರಿಂದ ವಿವೇಕಿಯಾದವನು ಒಂದು ನಿಯಮವನ್ನು ಬಿಡುವುದಿಲ್ಲ: ಹಿಂದಕ್ಕೆ ಬರಲು ದಾರಿಯಿಲ್ಲದ ತಿದ್ದುಪಡಿಯನ್ನು ಅವನು ಮಾಡುವುದಿಲ್ಲ. ಹೊಸ ತೋಳಿಗಾಗಿ ಯಂತ್ರದ ಮೈಯನ್ನು ಕೊರೆಯುವ ಬದಲು, ಹಳೆಯ ತೋಳಿದ್ದ ಜಾಗಕ್ಕೇ ಹೊಂದುವ ಫಲಕವನ್ನು ಹುಡುಕುತ್ತಾನೆ. ಬಿಚ್ಚಿದ ಭಾಗಗಳನ್ನು ಹೆಸರು ಬರೆದು ಡಬ್ಬಿಯಲ್ಲಿ ಕಾಪಾಡುತ್ತಾನೆ.

ಇದು ಜಿಪುಣತನವಲ್ಲ. ಎಸ್‌ಎಲ್-೧೨೦೦ರ ತಯಾರಿಕೆ ೨೦೧೦ರಲ್ಲಿ ನಿಂತು, ೨೦೧೬ರಲ್ಲಿ ಬೇರೆಯೇ ಮೋಟಾರಿನೊಡನೆ ಪುನಃ ಆರಂಭವಾಯಿತು. ಹಳೆಯ ಯಂತ್ರಗಳ ಎಷ್ಟೋ ಬಿಡಿಭಾಗಗಳು ಈಗ ತಯಾರಾಗುವುದಿಲ್ಲ. ಕೆಟ್ಟ ಒಂದನ್ನು ಉಳಿಸಲು ಇನ್ನೊಂದನ್ನು ಬಿಚ್ಚಬೇಕಾದ ಕಾಲವಿದು. ಒಡೆಯ ಆತುರದಿಂದ ಕೊರೆದ ಒಂದು ರಂಧ್ರ ಅವನ ಅಭಿರುಚಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಮುಂದೊಂದು ದಿನ ಆ ಯಂತ್ರ ಮಗಳ ಪಾಲಿಗೆ ಬಂದೀತು. ಜೊತೆಯಲ್ಲಿ ಆ ಡಬ್ಬಿಯೂ ಬರಲಿ. ತಂದೆಯ ತಿದ್ದುಪಡಿಗಳು ಅವಳ ಕಿವಿಗೆ ಒಪ್ಪಿದರೆ ಉಳಿಸಿಕೊಳ್ಳುತ್ತಾಳೆ. ಒಪ್ಪದಿದ್ದರೆ ತಿರುಪುಗಳನ್ನು ಬಿಚ್ಚಿ ಯಂತ್ರವನ್ನು ಮೊದಲಿನಂತೆ ಮಾಡಿಕೊಳ್ಳುತ್ತಾಳೆ.