ನೇರಳೆ ಹಣ್ಣಿಗೆ ಕಪ್ಪು ಹಚ್ಚಬೇಡಿ

ಋತುವಿಗೊಂದು ಚಿತ್ರ, ಕಂತು 9

ರಸಪುರಿ ಮಾವಿನ ಚಿತ್ರ ಹಾಕಿದಾಗ ತುಂಬ ಜನ ಕೇಳಿದ್ರಿ, ಮುಂದಿನದು ಯಾವ ಹಣ್ಣು ಅಂತ. ಜೂನ್ ಬಂತಲ್ಲ, ಇನ್ಯಾವುದು? ನೇರಳೆ. ಮಾವು ಇನ್ನೂ ಗಾಡಿ ಮೇಲಿದೆ, ಆದರೆ ಮಳೆ ಬಿದ್ದ ಮೇಲೆ ಅದರ ರುಚಿ ಹೋಯ್ತು ಅನ್ನೋದು ನಮ್ಮನೆ ನಂಬಿಕೆ. ಮೈಸೂರಿನಲ್ಲಿ ಈಗ ಎಲ್ಲಿ ನೋಡಿದರೂ ನೇರಳೆ ಗುಡ್ಡೆ. ಇದು ದಪ್ಪ ಜಂಬುನೇರಳೆ. ನನಗೆ ಬರೆಯೋಕೆ ಇಷ್ಟ ಸಣ್ಣ ನಾಯಿನೇರಳೆ, ಈ ಸಲ ಸಿಗಲಿಲ್ಲ.

ಎರಡು ಚಿತ್ರ ಹಾಕಿದ್ದೀನಿ. ಮೊದಲನೆಯದು ಈ ವರ್ಷದ್ದು. ಸ್ವೈಪ್ ಮಾಡಿದರೆ ಹೋದ ವರ್ಷದ್ದು. ಎರಡನ್ನೂ ನೋಡಿ, ಆಮೇಲೆ ಓದಿ.

ಮೊದಲು ಬರೆಯೋ ವಿಷಯ. ನೇರಳೆ ಹಣ್ಣು ಕಪ್ಪಗೆ ಕಾಣತ್ತೆ ಅಂತ ಕಪ್ಪು ಪೆನ್ಸಿಲ್ ತಗೊಂಡಿರೋ ಕೆಟ್ಟಿರಿ. ಹಣ್ಣು ಹೋಗಿ ಇದ್ದಿಲು ಆಗತ್ತೆ. ನಾನು ತಿಳಿ ಗುಲಾಬಿಯಿಂದ ಶುರು ಮಾಡ್ತೀನಿ, ಪೂರ್ತಿ ಹಣ್ಣಿಗೆ, ಪೆನ್ಸಿಲ್ ಒತ್ತದೆ. ಅದರ ಮೇಲೆ ಕಡುಗೆಂಪು, ಅದರ ಮೇಲೆ ನೇರಳೆ, ಆಮೇಲೆ ಕಡುನೀಲಿ. ನೆರಳಿರುವ ಅಂಚಿಗೆ ಮಾತ್ರ ಸ್ವಲ್ಪ ಕಡುಕಂದು. ಐದು ಪದರ ಸೇರಿದಾಗ ಕಣ್ಣಿಗೆ ಕಪ್ಪು ಅನ್ನಿಸತ್ತೆ, ಆದರೆ ಒಳಗಿಂದ ಕೆಂಪು ಉಸಿರಾಡ್ತಿರತ್ತೆ. ಹೊಳಪಿನ ಜಾಗವನ್ನು ಮೊದಲೇ ಬಿಡಬೇಕು. ಬಣ್ಣದ ಪೆನ್ಸಿಲ್‌ನಲ್ಲಿ ಬಿಳಿ ಅಂದ್ರೆ ಕಾಗದವೇ. ಮೇಲೆ ಕಡುಬಣ್ಣ ಹಚ್ಚಿ ಆಮೇಲೆ ರಬ್ಬರ್ ತಗೊಂಡು ಎಷ್ಟು ಉಜ್ಜಿದರೂ ಆ ಬಿಳುಪು ವಾಪಸ್ ಬರಲ್ಲ. ಹಣ್ಣಿನ ತುದಿಯಲ್ಲಿ ಪುಟ್ಟ ಬಟ್ಟಲಿನ ಥರ ಒಂದು ಗುಳಿ ಇರತ್ತೆ ನೋಡಿ, ಅದನ್ನು ಮರೆತರೆ ನಿಮ್ಮ ನೇರಳೆ ದ್ರಾಕ್ಷಿ ಆಗಿಬಿಡತ್ತೆ.

ಹೋದ ವರ್ಷ ಇದನ್ನೆಲ್ಲ ಮಾಡಿ, ಮೂರು ಸಂಜೆ ಕೂತು ಬರೆದು, ಅತ್ತೆಗೆ ತೋರಿಸಿದೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಚೆನ್ನಾಗಿದೆ ಕಣಮ್ಮ. ಆದ್ರೆ ಬರೀ ಕಪ್ಪು ಹಚ್ಚಿದೀಯಲ್ಲ, ಒಂಚೂರು ಬಣ್ಣ ಹಾಕಬಾರದಿತ್ತಾ?" ಅಂದರು.

ನನಗೆ ಸಿಟ್ಟು ಬಂತು. ಡಬ್ಬಿಯ ಕಪ್ಪು ಪೆನ್ಸಿಲ್ ಮುಟ್ಟೇ ಇರಲಿಲ್ಲ ನಾನು. ಆ ದಿನಗಳಲ್ಲಿ ಅವರು ಎಲ್ಲದಕ್ಕೂ ಕೊಂಕು ತೆಗೀತಿದ್ದಾರೆ ಅಂತ ನನಗೆ ಅನ್ನಿಸ್ತಿತ್ತು. ನಾನು ತಂದ ಬದನೆಕಾಯಿ ಬಾಡಿದೆ ಅನ್ನೋರು. ತಾವೇ ಹೋದಾಗ ಗಾಡಿಯವರ ಹತ್ತಿರ ಜಗಳ: ಬಣ್ಣಗೆಟ್ಟ ಕಾಯಿ ಕೊಡ್ತೀಯಾ ಅಂತ. ಇದೂ ಅಂಥದ್ದೇ ಇನ್ನೊಂದು ಅಂದುಕೊಂಡು ಚಿತ್ರಕ್ಕೆ ಫ್ರೇಮ್ ಹಾಕಿಸಿ ಅಡುಗೆಮನೆ ಗೋಡೆಗೆ ತೂಗುಹಾಕಿದೆ. ಅವರಿಗೆ ದಿನಾ ಕಾಣಲಿ ಅಂತಲೇ ಹಾಕಿದ್ದು, ಸುಳ್ಳು ಯಾಕೆ ಹೇಳಲಿ.

ಡಿಸೆಂಬರ್‌ನಲ್ಲಿ ಅವರೆಕಾಯಿ. ಅದರ ಚಿತ್ರ ನೀವು ನೋಡಿದ್ದೀರಿ. ಆ ವಾರ ನಾನು ಬರೆಯೋಕೆ ಕೂತರೆ ಅತ್ತೆ ಎದುರಿಗೆ ಕೂತು ಕಾಯಿ ಸುಲಿಯೋರು. ಎದ್ದು ಹೋಗುವಾಗ ಡಬ್ಬಿಯಿಂದ ಹೊರಗಿದ್ದ ಪೆನ್ಸಿಲ್‌ಗಳನ್ನೂ ಜೋಡಿಸಿಟ್ಟು ಹೋಗೋರು. ಮಾರನೇ ದಿನ ತೆಗೆದರೆ ಸಾಲು ತಪ್ಪಿರತ್ತೆ: ಕಪ್ಪಿನ ಜಾಗದಲ್ಲಿ ಕಡುನೀಲಿ, ಕಂದುಗಳ ನಡುವೆ ನೇರಳೆ. ಮಗ ಮುಟ್ಟಿದಾನೆ ಅಂತ ಎರಡು ಸಲ ಅವನಿಗೆ ಬೈದೆ. ಅವನು ಅಳ್ತಾ "ನಾನಲ್ಲ" ಅಂದ. ನಾನು ನಂಬಲಿಲ್ಲ. (ಆಮೇಲೆ ಕ್ಷಮೆ ಕೇಳಿದ್ದೀನಿ. ಅವನು ಅದಕ್ಕೆ ದಂಡವಾಗಿ ಐಸ್‌ಕ್ರೀಮ್ ವಸೂಲಿ ಮಾಡಿದ್ದಾನೆ.)

ಮೂರನೇ ದಿನ ಸುಮ್ಮನೆ ಕೇಳಿದೆ, "ಅತ್ತೆ, ಆ ನೇರಳೆ ಪೆನ್ಸಿಲ್ ಸ್ವಲ್ಪ ಕೊಡಿ."

ಅವರ ಕೈ ಡಬ್ಬಿ ಮೇಲೆ ಸುಮಾರು ಹೊತ್ತು ಓಡಾಡಿತು. ಕಂದು ತೆಗೆದು ಕೊಟ್ಟರು. ಕೊಟ್ಟು ನನ್ನ ಮುಖ ನೋಡಿದರು, ಸರಿಯೋ ತಪ್ಪೋ ಅಂತ ಮುಖದಲ್ಲಿ ಓದೋ ಹಾಗೆ. ನಾನು ಏನೂ ಹೇಳದೆ ತಗೊಂಡೆ.

ಕಣ್ಣಿನ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ ಅಂದರು. ಕಣ್ಣೊಳಗಿನ ಮಸೂರ ವಯಸ್ಸಾದ ಹಾಗೆ ಹಳದಿಗೆ, ಆಮೇಲೆ ಕಂದಿಗೆ ತಿರುಗತ್ತಂತೆ. ಹಳದಿ ಗಾಜು ನೀಲಿ ಬೆಳಕನ್ನು ತಡೆಯೋ ಹಾಗೆ ಅದೂ ನೀಲಿ, ನೇರಳೆ ಬಣ್ಣಗಳನ್ನೇ ಮೊದಲು ನುಂಗತ್ತೆ. ಬದನೆಕಾಯಿ ಅವರಿಗೆ ಕಂದಾಗೇ ಕಾಣ್ತಿತ್ತು. ಇದು ವರ್ಷಗಟ್ಟಲೆ ನಿಧಾನಕ್ಕೆ ಆಗೋದರಿಂದ ಆಗ್ತಿರೋದೇ ಗೊತ್ತಾಗಲ್ಲ. ನನ್ನ ಚಿತ್ರವನ್ನೂ ಹಣ್ಣನ್ನೂ ಅಕ್ಕಪಕ್ಕ ಇಟ್ಟಿದ್ದರೂ ಅವರಿಗೆ ಎರಡೂ ಒಂದೇ ಥರ ಕಪ್ಪು. ಎರಡನ್ನೂ ನೋಡ್ತಿರೋದು ಅದೇ ಕಣ್ಣಲ್ವಾ?

ಆದರೆ ಮಂಜಾಗ್ತಿದೆ ಅನ್ನೋದು ಅವರಿಗೆ ಗೊತ್ತಿತ್ತು. ಆಟೋದಲ್ಲಿ ವಾಪಸ್ ಬರುವಾಗ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಬಹಳ ಹೊತ್ತು ರಸ್ತೆ ನೋಡ್ತಾ ಕೂತಿದ್ದರು. "ಕಣ್ಣು ಕಾಣಲ್ಲ ಅಂದಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ರಾ ನೀವು?" ಅಂದರು.

ಬಿಡ್ತಿರಲಿಲ್ಲ. ನಾನೇ ಮೊದಲು ಬೇಡ ಅಂತಿದ್ದೆ, ಅದೂ ಒಳ್ಳೇ ಮಾತಲ್ಲೇ.

ಫೆಬ್ರವರಿಯಲ್ಲಿ ಬಲಗಣ್ಣಿಗೆ ಆಪರೇಷನ್ ಆಯ್ತು. ಚಿತ್ರಕಾರ ಕ್ಲಾಡ್ ಮೋನೆ ಕೂಡ 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡವನು, ಆಮೇಲೆ ಬಣ್ಣಗಳೆಲ್ಲ ಅದಲುಬದಲಾಗಿ ಒದ್ದಾಡಿದವನು. ಅತ್ತೆಗೆ ಈ ಕಥೆ ಹೇಳಿದರೆ, "ಅವನಿಗೂ ಒಂದು ತಿಂಗಳು ತಲೆಗೆ ನೀರು ಹಾಕ್ಕೋಬೇಡ ಅಂದಿದ್ರಾ?" ಅಂತ ಕೇಳಿದರು. ಅವರ ತಕರಾರೆಲ್ಲ ಅದೊಂದರದ್ದೇ.

ಹೋದ ವಾರ ನೇರಳೆ ತಂದೆ. ಅತ್ತೆ ಒಂದು ಹಣ್ಣನ್ನು ಕಿಟಕಿ ಬೆಳಕಿಗೆ ಹಿಡಿದು ಎಡಗಣ್ಣು ಮುಚ್ಚಿದರು. ಆಮೇಲೆ ಬಲಗಣ್ಣು. ಮತ್ತೆ ಎಡಗಣ್ಣು. ಮಕ್ಕಳು ಆಡೋ ಹಾಗೆ ಅದನ್ನೇ ಮಾಡ್ತಾ ಕೂತರು. "ಈ ಕಣ್ಣಿಗೆ ಹಣ್ಣು, ಈ ಕಣ್ಣಿಗೆ ಗೋಲಿ" ಅಂದರು. ಆಮೇಲೆ ತಲೆ ಎತ್ತಿ ಗೋಡೆ ನೋಡಿದರು.

"ಅದ್ಯಾಕೆ ಹಾಗಿದೆ?"

ನಾನೂ ನೋಡಿದೆ. ದಿನಾ ಕಣ್ಣೆದುರಿಗೇ ಇದ್ದದ್ದು, ಆದರೆ ಸರಿಯಾಗಿ ನೋಡಿದ್ದು ಆವತ್ತೇ. ನೀವು ಎರಡನೇ ಚಿತ್ರದಲ್ಲಿ ನೋಡಿದಿರಲ್ಲ, ಆ ಮಾಸಲು ನೀಲಿ, ಕಂದು ಅಂಚು. ಗುಲಾಬಿ ಹೋಗಿದೆ, ನೇರಳೆ ಹೋಗಿದೆ. ಎದುರಿನ ಕಿಟಕಿಯಿಂದ ಒಂದು ವರ್ಷ ಬೆಳಗಿನ ಬಿಸಿಲು ನೇರ ಬಿದ್ದಿದೆ. ಅಗ್ಗದ ಪೆನ್ಸಿಲ್‌ಗಳಲ್ಲಿ ಬಿಸಿಲಿಗೆ ಮೊದಲು ಹಾರಿಹೋಗೋದು ಹೆಚ್ಚಾಗಿ ಇವೇ, ಗುಲಾಬಿ ಮತ್ತು ನೇರಳೆ. ನನಗೆ ಗೊತ್ತಿದ್ದ ವಿಷಯವೇ. ಕೋಪದಲ್ಲಿ ಮೊಳೆ ಹೊಡೆಯುವಾಗ ನೆನಪಾಗಲಿಲ್ಲ. (ನೀವು ಹೀಗೆ ಮಾಡಿ: ಒಂದು ಪಟ್ಟಿ ಕಾಗದಕ್ಕೆ ನಿಮ್ಮ ಎಲ್ಲ ಪೆನ್ಸಿಲ್ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಮೂರು ತಿಂಗಳು ಕಿಟಕಿ ಗಾಜಿಗೆ ಅಂಟಿಸಿಡಿ. ಯಾವುದು ನಿಲ್ಲತ್ತೆ, ಯಾವುದು ಹೋಗತ್ತೆ ಅಂತ ಅದೇ ಹೇಳತ್ತೆ.)

"ಬರೆದಾಗಲೂ ಹೀಗೇ ಇತ್ತಾ?" ಅಂತ ಕೇಳಿದರು.

ಹೂಂ ಅಂದುಬಿಡೋಣ ಅನ್ನಿಸಿತು. ಆದರೆ ಹೇಳಿದೆ, "ಇಲ್ಲ ಅತ್ತೆ. ಚೆನ್ನಾಗಿತ್ತು."

"ಹಂಗಾದ್ರೆ ನಾನು ನೋಡಲೇ ಇಲ್ಲ" ಅಂದರು. ಬೇಜಾರು ಮಾಡ್ಕೊಂಡು ಅಲ್ಲ, ಬಸ್ಸು ಹೋಯ್ತು ಅನ್ನೋ ಹಾಗೆ.

ಫ್ರೇಮ್ ಇಳಿಸಿ, ಅದೇ ತಟ್ಟೆಯಲ್ಲಿ ಎಂಟು ಹಣ್ಣಿಟ್ಟು ಮತ್ತೆ ಶುರು ಮಾಡಿದೆ. ಈ ಸಲ ಪೆನ್ಸಿಲ್ ಅವರೇ ಎತ್ತಿ ಕೊಟ್ಟರು, ಎಡಗಣ್ಣು ಮುಚ್ಚಿಕೊಂಡು. ಒಂದೂ ತಪ್ಪಲಿಲ್ಲ. ತೊಟ್ಟಿನ ಹತ್ತಿರ ಇನ್ನಷ್ಟು ಕೆಂಪು ಬೇಕು ಅಂತ ನನಗೇ ತಿದ್ದಿದರು. ನೋಡಿದರೆ ಹೌದು, ಬೇಕಿತ್ತು.

ಮಧ್ಯೆ ನಾನು ಹಾಲು ಉಕ್ಕಿತು ಅಂತ ಎದ್ದು ಹೋದೆ. ಬಂದು ನೋಡಿದರೆ ತಟ್ಟೆಯಲ್ಲಿ ಏಳೇ ಹಣ್ಣು. ಅತ್ತೆ ಬೇರೆ ಕಡೆ ನೋಡ್ತಿದ್ದಾರೆ, ನಾಲಿಗೆ ನೇರಳೆ. ಮೊದಲ ಚಿತ್ರದಲ್ಲಿ ಬಲಗಡೆ ಮೂಲೆಯ ಹಣ್ಣು ಬರೀ ಗೆರೆಯಾಗಿ ಉಳಿದಿರೋದು ಅದಕ್ಕೇ.